ಹೊಗೆ ಹಿಡಿಸಿದ ಬಟ್ಟೆ

ಎನೆಲೇಸಿಯ ಶಿಶುವಿಹಾರ ಸರೋವರದ ದಡದಲ್ಲಿತ್ತು, ದೋಣಿಗಳನ್ನು ಮರಳಿಗೆಳೆದು ಮಗುಚಿ ಹಾಕುವ ಜಾಗದಿಂದ ಒಂದು ಕೂಗಿನ ದೂರದಲ್ಲಿ. ಹುಲ್ಲಿನ ಮಾಡು, ಸೊಂಟದೆತ್ತರದ ಗೋಡೆ, ಒಳಗೆ ತಾಳೆಗರಿಯ ಚಾಪೆಗಳು. ಊರಿನ ಮುಖ್ಯಸ್ಥರು ಅವಳನ್ನು ಈ ಕೆಲಸಕ್ಕೆ ಹಚ್ಚುವಾಗ ಹೇಳಿದ್ದು ಒಂದೇ ಮಾತು: ಆರು ಮಕ್ಕಳನ್ನು ಹೆತ್ತು ಬೆಳೆಸಿದವಳಿಗೆ ಇನ್ನೊಂದಷ್ಟು ಮಕ್ಕಳು ಭಾರವೇ? ಎನೆಲೇಸಿ ಆಗ ಮಾರುಕಟ್ಟೆಯಲ್ಲಿ ಕಡಲೆಕಾಯಿ ಹುರಿದು ಮಾರುತ್ತಿದ್ದಳು. ಕಡಲೆಕಾಯಿಗಳಾದರೆ ಇಟ್ಟ ಜಾಗದಲ್ಲೇ ಇರುತ್ತವೆ ಎಂದು ಅವಳು ಉತ್ತರ ಕೊಟ್ಟಳಂತೆ. ಆದರೂ ಮರುದಿನ ಬೆಳಗ್ಗೆ ಪೊರಕೆ ಹಿಡಿದು ಬಂದಳು.

ಪೊರಕೆ ಅವಳ ಕೈಯಿಂದ ಆಮೇಲೆ ಇಳಿಯಲೇ ಇಲ್ಲ. ಮರಳನ್ನು ಗುಡಿಸುವ ಹೆಂಗಸು ನಮ್ಮ ದಡದಲ್ಲಿ ಅವಳೊಬ್ಬಳೇ. ಅವಳ ತಾಯಿ ಗುಡ್ಡದ ಮೇಲಿನ ಮಿಷನ್ ಆಸ್ಪತ್ರೆಯಲ್ಲಿ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದವಳು. ಬಿಸಿಲಿಗೆ ಒಣಗಿ ಬೆಚ್ಚಗಾದ ಬಟ್ಟೆಗಳ ರಾಶಿಯ ಮೇಲೆ ಮಲಗಿ ಎನೆಲೇಸಿ ಬೆಳೆದಳು. ಸೋಪಿನ ವಾಸನೆ ಬಂದರೆ ಈಗಲೂ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ ಎಂದು ಅವಳು ನನಗೆ ಹೇಳಿದ್ದುಂಟು. ನಾನು ಅಲ್ಲಿ ಮಕ್ಕಳಿಗೆ ಗಂಜಿ ಬೇಯಿಸುತ್ತಿದ್ದೆ.

ಪುಸ್ತಕದಿಂದ ಕಲಿತವಳಲ್ಲ ಅವಳು. ಹೊಸ ಮಗು ಅಳುತ್ತ ಬಂದರೆ ಅದರ ಕೈಗೆ ಕೂಡಲೇ ಒಂದು ಕೆಲಸ ಕೊಡುತ್ತಿದ್ದಳು. ಬಟ್ಟಲು ಹಂಚುವುದೋ, ಕೋಳಿ ಓಡಿಸುವುದೋ. ಕಚ್ಚುವ ಮಗುವನ್ನು ತನ್ನ ಪಕ್ಕದಲ್ಲಿ ಕೂರಿಸಿ ಜೋಳದ ತೆನೆ ಕೊಡುತ್ತಿದ್ದಳು. ತಾಯಂದಿರಿಗೆ ಅವಳು ಇಟ್ಟ ಕಟ್ಟಳೆ ಒಂದೇ. ಮಗು ಆಟದಲ್ಲಿ ಮೈಮರೆತಾಗ ಹಿಂದಿನಿಂದ ಜಾರಿಕೊಳ್ಳುವಂತಿಲ್ಲ.

"ಅಳಲಿ ಕಣ್ರೇ, ಅತ್ರೆ ಏನಾಗುತ್ತೆ? ಹೇಳಿ ಹೋಗಿ. ಹೇಳಿ ಹೋದೋಳು ವಾಪಸ್ ಬರ್ತಾಳೆ ಅಂತ ಮಗು ಕಲೀತದೆ. ಕದ್ದು ಹೋದ್ರೆ, ಕಣ್ಣು ಮಿಟುಕಿಸಿದ್ರೆ ಅಮ್ಮ ಇರಲ್ಲ ಅಂತ ಕಲೀತದೆ."

ಗಂಜಿ ಕುಡಿದ ಮೇಲೆ ಮಕ್ಕಳು ಮಲಗುತ್ತಿದ್ದವು. ಒಂದೊಂದು ಮಗುವಿಗೂ ಅದರ ತಾಯಿ ಉಟ್ಟು ಹಳತಾದ ಒಂದು ಚಿತೆಂಜೆ. ಸೊಂಟಕ್ಕೆ ಸುತ್ತುವ ಬಟ್ಟೆಯೂ ಅದೇ, ಮಗುವನ್ನು ಬೆನ್ನಿಗೆ ಕಟ್ಟುವ ಬಟ್ಟೆಯೂ ಅದೇ. ಹುಟ್ಟಿದಾಗಿನಿಂದ ಅದರೊಳಗೇ ತೂಗಿದ ಮಕ್ಕಳು ಅದನ್ನು ಮುಖಕ್ಕೆಳೆದುಕೊಂಡರೆ ಸಾಕು, ನಿದ್ದೆ.

ಆ ವರ್ಷ ಮಳೆ ಶುರುವಾಗುವ ಮುಂಚೆ ಎಸ್ನಾತಿ ಎಂಬ, ಗೂಡಿನಲ್ಲಿ ಮೀನಿಗೆ ಹೊಗೆ ಹಿಡಿಸಿ ಒಣಗಿಸುವ ಹೆಂಗಸು ತನ್ನ ಮಗಳು ಲುಸುಂಗುವನ್ನು ಕರೆದುಕೊಂಡು ಬಂದಳು. ಮಗುವಿಗೆ ನಾಲ್ಕು ವರ್ಷ. ಎಸ್ನಾತಿ ತುಂಬು ಬಸುರಿ. ಕಳೆದ ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವಂತಾಗಿದ್ದವಳು. ಈ ಸಲ ನೋವು ಬರುವ ತನಕ ಕಾಯದೆ, ಮೊದಲೇ ಹೋಗಿ ಜಿಲ್ಲಾ ಆಸ್ಪತ್ರೆಯ ತಂಗುಮನೆಯಲ್ಲಿ ಇರಬೇಕೆಂದು ನರ್ಸು ಕಟ್ಟುನಿಟ್ಟಾಗಿ ಹೇಳಿದ್ದರು. ಅವಳು ಬರುವ ತನಕ ಮಗಳು ರಾತ್ರಿ ಅಜ್ಜಿಯ ಮನೆಯಲ್ಲಿ, ಹಗಲು ನಮ್ಮಲ್ಲಿ. ಮಗಳ ಎದುರಿಗೇ ಕುಕ್ಕರಗಾಲಲ್ಲಿ ಕೂತು, ಹೋಗುತ್ತೇನೆ, ಪಾಪು ತರುತ್ತೇನೆ, ಬರುತ್ತೇನೆ ಎಂದು ಹೇಳಿ, ಲಂಗದ ಮೇಲೆ ಸೊಂಟಕ್ಕೆ ಸುತ್ತಿದ್ದ ನೀಲಿ ಚಿತೆಂಜೆಯನ್ನು ಬಿಚ್ಚಿ ಕೊಟ್ಟಳು. ಆಮೇಲೆ ಎನೆಲೇಸಿಯನ್ನು ಬಾಗಿಲ ಬಳಿ ಕರೆದಳು.

"ಅಕ್ಕಾ, ಇವಳು ಊಟ ಬಿಟ್ರೆ ಹೇಳಿ ಕಳ್ಸು. ನರ್ಸಮ್ಮ ಬೈದ್ರೂ ಸರಿ, ಎದ್ದು ಬಂದ್ಬಿಡ್ತೀನಿ."

"ಊಟ ಬಿಡಲ್ಲ. ನೀನು ಅಲ್ಲೇ ಬಿದ್ದಿರು," ಎಂದಳು ಎನೆಲೇಸಿ.

ಮಗು ಅತ್ತಿತು, ಬಟ್ಟಲು ಹಂಚಿತು, ಗಂಜಿ ಕುಡಿಯಿತು. ಮಧ್ಯಾಹ್ನ ನೀಲಿ ಬಟ್ಟೆಯೊಳಗೆ ಮೂಗು ಹೂತು ಮಲಗಿತು. ಎಲ್ಲ ಸರಿಯಾಗಿಯೇ ಇತ್ತು.

ದಡದುದ್ದಕ್ಕೂ ಇರುವ ಐದು ಶಿಶುವಿಹಾರಗಳ ಹೆಂಗಸರು ತಿಂಗಳಿಗೊಂದು ಶನಿವಾರ ನಮ್ಮ ಮಾವಿನ ಮರದ ಕೆಳಗೆ ಸೇರುತ್ತಿದ್ದರು. ಪ್ರಶ್ನೆ ತಂದವಳು ಸುಟ್ಟ ಮರಗೆಣಸನ್ನೂ ತರಬೇಕು. ಸಲಹೆ ಕೊಟ್ಟವಳು ಮುಂದಿನ ತಿಂಗಳು ಬಂದು ಅದರ ಫಲವನ್ನು ಕಿವಿಯಾರೆ ಕೇಳಬೇಕು. ಈ ಎರಡನೆಯ ಪದ್ಧತಿಯಿಂದಾಗಿ ಬಾಯಿಬಡುಕಿಯರು ಎಷ್ಟೋ ಕಡಿಮೆಯಾಗಿದ್ದರು. ಕಡಿಮೆಯಾಗದೆ ಉಳಿದವಳು ಸಿನೋಲಿಯಾ, ಉತ್ತರದ ಕೊಲ್ಲಿಯವಳು. ಆ ಸಲ ಅವಳ ಶಿಶುವಿಹಾರದ ಮಕ್ಕಳಿಗೆ ಕಜ್ಜಿ ಹರಡಿತ್ತು. ಮಲಗುವ ಬಟ್ಟೆಗಳನ್ನೆಲ್ಲ ಒಟ್ಟಿಗೆ ಸೋಪು ಹಾಕಿ ಕುದಿಸಿ ಒಗೆದೆ, ಕಜ್ಜಿ ಓಡಿಹೋಯಿತು, ನೀವೂ ಒಗೆಯಿರಿ ಎಂದಳು. ಎನೆಲೇಸಿಗೆ ಇದಕ್ಕಿಂತ ಇಷ್ಟವಾದ ಸಲಹೆಯನ್ನು ಯಾರೂ ಕೊಟ್ಟಿರಲಿಲ್ಲ. ಸೋಪಿಗೆ ದುಡ್ಡು ಕೂಡಿಸುವಷ್ಟರಲ್ಲಿ ಮೂರು ವಾರ ಕಳೆಯಿತು. ಒಂದು ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಬಟ್ಟೆಗಳನ್ನೆಲ್ಲ ದೊಡ್ಡ ಹಂಡೆಯಲ್ಲಿ ಕುದಿಸಿದಳು, ಸರೋವರದಲ್ಲಿ ಜಾಲಾಡಿದಳು, ದೋಣಿಗಳ ಬೆನ್ನ ಮೇಲೆ ಹರವಿದಳು. ಬೆಳಗ್ಗೆ ಮಡಿಸಿ, ಅವರವರ ಜಾಗದಲ್ಲಿ ಇಟ್ಟು, ತಾನೇ ಒಂದನ್ನು ಎತ್ತಿ ಮೂಸಿ ನಕ್ಕಳು.

ಆ ಮಧ್ಯಾಹ್ನ ಒಂದು ಮಗುವೂ ಮಲಗಲಿಲ್ಲ. ಬಟ್ಟೆಯನ್ನು ಮುಖಕ್ಕೆಳೆದುಕೊಳ್ಳುವುದು, ತೆಗೆಯುವುದು, ತಿರುಗಿಸಿ ಇನ್ನೊಂದು ತುದಿಯನ್ನು ಮೂಸುವುದು. ಒಂದು ಅಳಲು ಶುರುಮಾಡಿತು, ಎಲ್ಲವೂ ಸೇರಿಕೊಂಡವು. ಸಂಜೆ ಬಂದ ತಾಯಂದಿರು ಮೂಗು ಮುಚ್ಚಿಕೊಂಡವರಂತೆ ನಟಿಸಿ, ಟೀಚರಮ್ಮ ನಮ್ಮನ್ನೂ ಒಂದು ಸಲ ಕುದಿಸಿಬಿಡಿ ಎಂದು ನಗಾಡುತ್ತ ಬಟ್ಟೆಗಳನ್ನು ಸೊಂಟಕ್ಕೆ ಸುತ್ತಿಕೊಂಡು ಮನೆಗೆ ಒಯ್ದರು. ಒಲೆಯ ಮುಂದೆ ಒಂದು ರಾತ್ರಿ, ಹಾಸಿಗೆಯಲ್ಲಿ ಒಂದು ರಾತ್ರಿ. ಬಟ್ಟೆಗಳು ಮತ್ತೆ ತಾಯಂದಿರವಾದವು.

ಲುಸುಂಗುವಿನ ಬಟ್ಟೆಯನ್ನು ಉಡಲು ಯಾರೂ ಇರಲಿಲ್ಲ.

ಆ ಮಗು ಗಲಾಟೆ ಮಾಡಲಿಲ್ಲ. ಗಂಜಿಯ ಬಟ್ಟಲನ್ನು ತುಟಿಗೆ ತಾಗಿಸಿ ಕೆಳಗಿಟ್ಟಿತು. ಅಜ್ಜಿಯ ಮನೆಯಲ್ಲೂ ತಿನ್ನಲಿಲ್ಲವಂತೆ, ನೀರು ಮಾತ್ರ ಕುಡಿಯಿತಂತೆ. ಮರುದಿನವೂ ಹಾಗೆಯೇ. ಎನೆಲೇಸಿ ತೊಡೆಯ ಮೇಲೆ ಕೂರಿಸಿಕೊಂಡು ಬೆರಳಿನಿಂದ ಉಣಿಸಲು ನೋಡಿದಳು. ಬೆನ್ನಿಗೆ ಕಟ್ಟಿಕೊಂಡು ದಡದಲ್ಲಿ ಅಡ್ಡಾಡಿದಳು. ಮಗು ಬೆನ್ನ ಮೇಲೆ ಒದ್ದೆ ಮರಳಿನ ಚೀಲದಂತೆ ಕೂತಿತ್ತು. ನಾನು ಗಂಜಿಗೆ ಸಕ್ಕರೆ ಹಾಕಿದೆ, ಕಡಲೆಕಾಯಿ ಹಿಟ್ಟು ಹಾಕಿದೆ. ಏನೂ ಆಗಲಿಲ್ಲ.

ಆಗ ಎನೆಲೇಸಿಗೆ ಹೊಳೆಯಿತು. ಎಸ್ನಾತಿಯ ಮೈಯ ವಾಸನೆಯೆಂದರೆ ಮೀನಿನ ಹೊಗೆ. ಒಂದು ಮಧ್ಯಾಹ್ನ ಮಕ್ಕಳನ್ನು ನನಗೊಪ್ಪಿಸಿ, ಎಸ್ನಾತಿಯ ಅಕ್ಕ ನೋಡಿಕೊಳ್ಳುತ್ತಿದ್ದ ಹೊಗೆಗೂಡಿಗೆ ಹೋಗಿ, ಮೀನಿನ ತಡಿಕೆಯ ಪಕ್ಕದಲ್ಲಿ ನೀಲಿ ಬಟ್ಟೆಯನ್ನು ತೂಗುಹಾಕಿ ಕಾದಳು. ಕಣ್ಣು ಕೆಂಪಾಗಿಸಿಕೊಂಡು ಓಡೋಡಿ ಬಂದು ಮಗುವಿನ ಕೈಗಿಟ್ಟಳು. ಮಗು ಮೂಸಿತು. ಬಹಳ ಹೊತ್ತು ಮೂಸಿತು. ಆಮೇಲೆ ಬಟ್ಟೆಯನ್ನು ಅಚ್ಚುಕಟ್ಟಾಗಿ ಮಡಿಸಿ, ನಮ್ಮಲ್ಲಿ ದೊಡ್ಡವರಿಗೆ ಏನನ್ನಾದರೂ ಕೊಡುವಾಗ ಮಾಡುವಂತೆ ಮಂಡಿಯೂರಿ, ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟಿತು.

"ಇದು ಯಾರದ್ದೋ. ಅವರಿಗೆ ಕೊಟ್ಬಿಡಿ."

ಅದೇ ಸಂಜೆ ಅಜ್ಜಿ ಬಂದಳು. ಮಗುವಿನ ಕೆನ್ನೆ ಇಳಿದುಹೋಗಿದೆ, ಸೋಮವಾರದ ಮಿನಿಬಸ್ಸಿನ ಡ್ರೈವರನ ಕೈಯಲ್ಲಿ ಆಸ್ಪತ್ರೆಗೆ ಹೇಳಿ ಕಳಿಸುತ್ತೇನೆ ಎಂದಳು. ಎಸ್ನಾತಿ ಎದ್ದು ಬಂದರೆ ದಾರಿಯಲ್ಲೇ ಏನಾದರೂ ಆದೀತು ಎಂದಳು ಎನೆಲೇಸಿ. ಬರದಿದ್ದರೆ ಈ ಮಗುವಿಗೆ ಏನಾದರೂ ಆದೀತು ಎಂದಳು ಅಜ್ಜಿ. ಇಬ್ಬರ ಮಾತೂ ನಿಜವಾಗಿತ್ತು.

ಮಾರನೆಯ ದಿನವೇ ತಿಂಗಳ ಸಭೆಯ ಶನಿವಾರ. ಎನೆಲೇಸಿ ಎಂದೂ ಇಲ್ಲದಷ್ಟು ಮರಗೆಣಸು ಸುಟ್ಟು ತಂದಿದ್ದಳು. ನಡೆದದ್ದನ್ನೆಲ್ಲ ಹೇಳಿದಳು. ಸಿನೋಲಿಯಾಳ ಸಲಹೆ ಎಂಬ ಮಾತನ್ನು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಒಬ್ಬಳು ಬೆಲ್ಲದ ಗಂಜಿ ಎಂದಳು. ಇನ್ನೊಬ್ಬಳು, ಹಸಿವಾದಾಗ ತಾನೇ ತಿನ್ನುತ್ತದೆ, ಬಿಟ್ಟುಬಿಡು ಎಂದಳು. ಸಿನೋಲಿಯಾ ಗೆಣಸನ್ನು ಅಗಿಯುತ್ತ ಕೂತಿದ್ದವಳು ಕೊನೆಗೆ ಕೇಳಿದಳು:

"ಒಗೆಯುವಾಗ ಮಕ್ಕಳು ಎಲ್ಲಿದ್ರು?"

"ಮನೆಗೆ ಹೋಗಿದ್ರು."

"ನಮ್ಮಲ್ಲಿ ಕಾಲಲ್ಲಿ ತುಳಿದು ಒಗೆದೋರೇ ಅವರು. ಕುಣಿದಾಡ್ಕೊಂಡು ಒಗೆದ್ರು. ಅದನ್ನ ನಾನು ಹೇಳಲಿಲ್ಲ, ನನ್ನ ತಪ್ಪು. ಹೊಗೆ ಹಿಡಿಸುವಾಗ ಆ ಮಗು ಎಲ್ಲಿತ್ತು?"

ಎನೆಲೇಸಿ ನನ್ನ ಕಡೆ ಬೆರಳು ತೋರಿಸಿದಳು.

"ಕದ್ದು ಒಗೆದೆ, ಕದ್ದು ಹೊಗೆ ಹಾಕ್ದೆ. ಅಮ್ಮಂದಿರಿಗೆ ಕದ್ದು ಹೋಗ್ಬೇಡಿ ಅಂತ ದಡವೆಲ್ಲ ಕೇಳೋ ಹಾಗೆ ಕೂಗೋಳು ನೀನೇ ಅಲ್ವೇನೇ?"

ಎನೆಲೇಸಿ ಎದ್ದು, ಸೊಂಟದ ಬಟ್ಟೆಯನ್ನು ಬಿಗಿಗೊಳಿಸಿ, ಅಜ್ಜಿಯ ಮನೆಯ ಕಡೆ ಹೊರಟಳು. ಫಲ ಕೇಳಲು ಮುಂದಿನ ತಿಂಗಳ ತನಕ ಕಾಯುವಷ್ಟು ತಾಳ್ಮೆ ತನಗಿಲ್ಲ ಎಂದು ಸಿನೋಲಿಯಾ ಹಿಂದೆಯೇ ನಡೆದಳು. ನಾನೂ ಹೋದೆ.

ಮಗು ಅಂಗಳದಲ್ಲಿ ಒಂದು ಕಡ್ಡಿಯಿಂದ ಮರಳು ಕೆದಕುತ್ತ ಕೂತಿತ್ತು. ಎನೆಲೇಸಿ ಅದರ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ನಿನ್ನ ಬಟ್ಟೆ ಒಗೆದೋಳು ನಾನು ಕಣೇ. ನಿನ್ನನ್ನ ಕೇಳ್ಬೇಕಿತ್ತು. ಕೇಳಲಿಲ್ಲ."

ಮಗು ಯೋಚಿಸಿತು. "ಕೇಳಿದ್ರೆ ನಾನು ಬೇಡ ಅಂತಿದ್ದೆ."

"ಹೂಂ. ಅಂತಿದ್ದೆ."

"ಅಮ್ಮ ಎಲ್ಲಿ ಹೋಯ್ತು ಅದ್ರಿಂದ?"

"ನೀರಿಗೆ ಹೋಯ್ತು. ಹೊಗೆಯಿಂದ ವಾಪಸ್ ತರೋಣ. ಹೇಗೆ ಅಂತ ನಂಗೊತ್ತಿಲ್ಲ, ನೀನೇ ತೋರಿಸ್ಬೇಕು," ಎಂದಳು.

ಮಗು ಎದ್ದು ಲಂಗದ ಮರಳು ಕೊಡವಿಕೊಂಡು ಮುಂದೆ ನಡೆಯಿತು.

ಹೊಗೆಗೂಡಿನ ಬಳಿ ಅದು ಬೇರೆಯೇ ಮಗುವಾಯಿತು. ದೊಡ್ಡಮ್ಮನನ್ನು ಪಕ್ಕಕ್ಕೆ ಸರಿಯಲು ಹೇಳಿತು. ಅಮ್ಮ ಕೂರುವುದು ಆ ಕಡೆಯಲ್ಲ, ಸರೋವರ ಕಾಣುವ ಈ ಕಡೆ. ಕಟ್ಟಿಗೆ ಅದಲ್ಲ, ಮಾವಿನದು. ಬಟ್ಟೆಯನ್ನು ತೂಗುಹಾಕುವುದೇ ಇಲ್ಲ, ಉಟ್ಟುಕೊಂಡೇ ಕೂರುವುದು, ಮೀನು ಮುಟ್ಟಿದ ಕೈಯನ್ನು ಅದರ ಈ ಮೂಲೆಗೆ ಒರೆಸುವುದು. ಎನೆಲೇಸಿ, ಮೀನಿನ ಜಿಡ್ಡು ತಾಗಿದರೆ ಮೂರು ಸಲ ಕೈ ತೊಳೆಯುವವಳು, ನೀಲಿ ಬಟ್ಟೆಯನ್ನು ಸುತ್ತಿಕೊಂಡು ಹೊಗೆಯ ಎದುರು ಕೂತಳು, ಮೀನು ತಿರುಗಿಸಿದಳು, ಹೇಳಿದ ಮೂಲೆಗೇ ಕೈ ಒರೆಸಿದಳು. ಗಾಳಿ ತಿರುಗಿ ಹೊಗೆ ಮುಖಕ್ಕೆ ಬಡಿದು ಕೆಮ್ಮತೊಡಗಿದಳು.

"ಹಾಂ," ಎಂದಿತು ಮಗು. "ಅಮ್ಮಾನೂ ಇಲ್ಲೇ ಕೆಮ್ಮೋದು."

ಸಿನೋಲಿಯಾ ನಕ್ಕು, ತಾನೂ ಹೊಗೆ ಕುಡಿದು ಕೆಮ್ಮಿದಳು. ಎಲ್ಲರೂ ಕೆಮ್ಮಿದೆವು. ಬಿಸಿಲು ಇಳಿಯುವ ಹೊತ್ತಿಗೆ ಮಗು ಎನೆಲೇಸಿಯ ಮಡಿಲಿಗೆ ಬಂದು, ಬಟ್ಟೆಯ ಮೂಲೆಯನ್ನು ಮೂಗಿಗೆ ಹಿಡಿದು ನೋಡಿ, ಬಿಡಲಿಲ್ಲ. ದೊಡ್ಡಮ್ಮ ಜೋಳದ ಹಿಟ್ಟಿನ ಮುದ್ದೆ ನ್ಸಿಮಾವನ್ನೂ ಮುರಿದ ಮೀನನ್ನೂ ತಂದಿಟ್ಟಾಗ, ಯಾರೂ ಕರೆಯದೆ ಒಂದು ಪುಟ್ಟ ಕೈ ಎನೆಲೇಸಿಯ ತಟ್ಟೆಯಿಂದ ಒಂದು ತುಣುಕನ್ನು ಕಿತ್ತುಕೊಂಡಿತು. ಆಮೇಲೆ ಇನ್ನೊಂದು. ನಾವು ಅದನ್ನು ನೋಡದವರಂತೆ ಸರೋವರವನ್ನೇ ನೋಡುತ್ತ ಕೂತೆವು. ಹುಡುಕಿಕೊಂಡು ಬಂದ ಅಜ್ಜಿ ದೂರದಲ್ಲೇ ನಿಂತು, ತಲೆವಸ್ತ್ರದಿಂದ ಕಣ್ಣೊರೆಸಿಕೊಂಡು, ಈ ಹಾಳು ಹೊಗೆ ಎಂದಳು. ಗಾಳಿ ಆಗ ಇನ್ನೊಂದು ಕಡೆಗೆ ಬೀಸುತ್ತಿತ್ತು.

ಸೋಮವಾರದ ಮಿನಿಬಸ್ಸು ನಮ್ಮ ಊರಿನ ಯಾವ ಸುದ್ದಿಯನ್ನೂ ಹೊರದೆ ಹೋಯಿತು.

ಬಟ್ಟೆಗಳನ್ನು ಈಗಲೂ ಒಗೆಯುತ್ತೇವೆ. ಮಕ್ಕಳೇ ತುಳಿದು ಒಗೆಯುತ್ತವೆ. ಬೇಡ ಎಂದ ಮಗುವಿನ ಬಟ್ಟೆ ಹಾಗೆಯೇ ಉಳಿಯುತ್ತದೆ. ಎನೆಲೇಸಿ ಅದರ ಕಡೆ ನೋಡದಿರಲು ಪ್ರಯತ್ನಿಸುತ್ತಾಳೆ.

ಮೊದಲ ಮಳೆ ಬಿದ್ದ ವಾರ ಎಸ್ನಾತಿ ಬಂದಳು, ಎದೆಯಲ್ಲಿ ಗಂಡುಮಗು. ಬಸ್ಸಿಳಿದವಳು ಮನೆಗೂ ಹೋಗದೆ ನೇರ ಶಿಶುವಿಹಾರಕ್ಕೆ ಬಂದಳು. ಮುಖ ಬಿಳಚಿಕೊಂಡಿತ್ತು, ಆದರೆ ನಗುತ್ತಿದ್ದಳು. ಲುಸುಂಗು ಓಡಿಹೋಯಿತು, ಅರ್ಧದಲ್ಲೇ ನಿಂತಿತು. ಎಸ್ನಾತಿಯ ಮೈಯಿಂದ, ಬಟ್ಟೆಯಿಂದ, ಹೊಸ ಮಗುವಿನಿಂದ ಬರುತ್ತಿದ್ದದ್ದು ಆಸ್ಪತ್ರೆಯ ಸೋಪಿನ ವಾಸನೆ. ಎನೆಲೇಸಿಯ ಕಣ್ಣು ಒಂದು ಗಳಿಗೆ ತಾನಾಗಿ ಮುಚ್ಚಿಕೊಂಡಿತು. ಲುಸುಂಗು ಮಾತ್ರ ಹಿಂದೆ ಸರಿದು ಎನೆಲೇಸಿಯ ಕಾಲಿನ ಮರೆಗೆ ನಿಂತಿತು. ಎಸ್ನಾತಿಯ ನಗು ನಿಂತುಹೋಯಿತು. ಅವಳು ಎನೆಲೇಸಿಯ ಕಡೆ ನೋಡಿದಳು. ಸುಮ್ಮನಿರು ಎಂದು ಎನೆಲೇಸಿ ಕಣ್ಣಲ್ಲೇ ಹೇಳಿದಳು. ಎಸ್ನಾತಿ ಬಾಗಿಲ ಬಳಿಯ ಕಲ್ಲಿನ ಮೇಲೆ ಕೂತಳು.

ಮಗು ಒಳಗೆ ಹೋಗಿ ಚಾಪೆಯ ಮೇಲಿನ ನೀಲಿ ಬಟ್ಟೆಯನ್ನು ಎಳೆದುಕೊಂಡು ಬಂದಿತು. ತಾಯಿಯ ಬೆನ್ನ ಹಿಂದೆ ಹೋಗಿ, ತುದಿಗಾಲಲ್ಲಿ ನಿಂತು, ಹೆಗಲ ಮೇಲೆ ಅದನ್ನು ಹೊದಿಸಿ, ಎರಡೂ ಕಡೆ ಸಮವಾಗಿದೆಯೇ ಎಂದು ನೋಡಿತು. ಎದುರಿಗೆ ಬಂದು ನಿಂತಿತು.

"ಈಗ ಕೆಮ್ಮು," ಎಂದಿತು.

ಎಸ್ನಾತಿಗೆ ಏನೂ ಅರ್ಥವಾಗಲಿಲ್ಲ. ಆದರೂ ಕೆಮ್ಮಿದಳು.

ಮಗು ಅವಳ ಮಡಿಲೇರಿ ಕೂತಿತು.