ಮಕ್ಕಳನ್ನು ನೆಲಕ್ಕೆ ಬಿಡುವ ನೆಲದಕ್ಕ

ಬೆಳಗಿನ ಆರು ಗಂಟೆ. ಹೊಲಿಗೆ ಕಾರ್ಖಾನೆಯ ಹಿಂಬದಿಯ ಶಿಶುಮನೆಯಲ್ಲಿ ನೆಲದಕ್ಕ ಮೊಣಕಾಲೂರಿದ್ದಾರೆ. ದಾರ ಕಟ್ಟಿದ ಅಯಸ್ಕಾಂತವೊಂದನ್ನು ಮೂಲೆಯಿಂದ ಮೂಲೆಗೆ ಎಳೆಯುತ್ತಾರೆ. ಹಾಲೂಡಿಸಲು ಬರುವ ತಾಯಂದಿರ ಬಟ್ಟೆಯಿಂದ ಉದುರಿದ್ದೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ. ಇಂದು ಮೂರು ಗುಂಡುಸೂಜಿ, ಅರ್ಧ ಮುರಿದ ಸೂಜಿ ಒಂದು. ಆಮೇಲೆ ಇಡೀ ನೆಲವನ್ನು ಅಂಗೈಯಿಂದ ಸವರುತ್ತಾರೆ.

"ಅಂಗಿ ಗುಂಡಿ ಅಯಸ್ಕಾಂತಕ್ಕೆ ಅಂಟಲ್ಲ ನೋಡಿ. ಅದಕ್ಕೆ ಕೈನೇ ಬೇಕು."

ಇಲ್ಲಿ ಒಂಬತ್ತು ಮಕ್ಕಳು. ದಿನಕ್ಕೆ ನಾಲ್ಕು ಸಲ ನೆಲ ಒರೆಸಬೇಕು, ಮೂವತ್ತಕ್ಕೂ ಹೆಚ್ಚು ಬಟ್ಟೆ ಬದಲಿಸಬೇಕು. ಹಾಲಿನ ಬಾಟಲಿ ತೊಳೆಯಲು ಇನ್ನೊಬ್ಬ ಆಯಾ ಇದ್ದಾರೆ. ಮಕ್ಕಳನ್ನು ಬೆಲ್ಟಿನ ಕುರ್ಚಿಗೆ ಬಿಗಿಯದೆ, ಚಕ್ರದ ವಾಕರ್‌ಗೆ ಇಳಿಸದೆ ಚಾಪೆಯ ಮೇಲೆ ಬಿಡುತ್ತಾರೆಂದು ತಾಯಂದಿರು ಇವರಿಗೆ ನೆಲದಕ್ಕ ಎಂದು ಹೆಸರಿಟ್ಟಿದ್ದಾರೆ. ಹೊಗಳಿ ಇಟ್ಟರೋ ಅಣಕಿಸಿ ಇಟ್ಟರೋ, ಅವರಿಗೆ ಇನ್ನೂ ತಿಳಿದಿಲ್ಲ.

ಮೊದಲು ಹನ್ನೊಂದು ವರ್ಷ ಇದೇ ಕಾರ್ಖಾನೆಯಲ್ಲಿ ದಾರ ಕತ್ತರಿಸುತ್ತಿದ್ದರು. ಸೊಂಟ ಹಿಡಿದ ಮೇಲೆ, ಹಗುರದ ಕೆಲಸವೆಂದು ಇಲ್ಲಿಗೆ ಹಾಕಿದರು. ಮಕ್ಕಳನ್ನು ಎತ್ತೆತ್ತಿ ಕುರ್ಚಿಗೆ ಕೂರಿಸಲು ಸೊಂಟ ಒಪ್ಪಲಿಲ್ಲ. ಚಾಪೆ ಹಾಸಿ ಬಿಟ್ಟರು. ಎರಡು ತಿಂಗಳಲ್ಲಿ ಒಂದು ಮಗುಚಿತು, ಇನ್ನೊಂದು ತೆವಳಿತು, ಮತ್ತೊಂದು ಅಂಬೆಗಾಲಿಟ್ಟು ಬಂದು ಅವರ ಚಪ್ಪಲಿ ಕಚ್ಚಿತು.

"ನಾನೇನೂ ಮಾಡ್ಲಿಲ್ಲ. ಅದೇ ನಂಗೆ ತಲೆಬಿಸಿ. ಇದು ಬುದ್ಧಿಯೋ, ನನ್ನ ಸೋಮಾರಿತನವೋ? ಡಾಕ್ಟರಮ್ಮ ಬಂದು ತುಂಬಾ ಒಳ್ಳೇದು ಅಂದ್ರು. ಮೇಲ್ವಿಚಾರಕಿ ಬಂದು, ಸುಮ್ನೆ ಕೂತಿದೀಯಲ್ಲ ಅಂದ್ರು. ಇಬ್ರೂ ನೋಡಿದ್ದು ಇದೇ ನೆಲ."

ಈ ವಾರ ತಲೆಬಿಸಿ ಹೆಚ್ಚಿದೆ. ಹತ್ತು ತಿಂಗಳ ಪೋರ ಗುಂಡು ಮಗುಚುತ್ತಾನೆ, ಕೈಯೂರಿ ಎದೆ ಎತ್ತುತ್ತಾನೆ, ಒಂದಂಗುಲ ಮುಂದೆ ಹೋಗುವುದಿಲ್ಲ. ಮಗು ಚೆನ್ನಾಗಿದೆ, ಕಾಯಿರಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಆದರೆ ಕಾಲರ್ ಹೊಲಿಯುವ ಅವನ ತಾಯಿಗೆ ಮನೆಯಲ್ಲಿ ಅತ್ತೆಯ ಮಾತು ಕೇಳಿ ಸಾಕಾಗಿದೆ. ತನ್ನ ಒಡಹುಟ್ಟಿದ ಅಕ್ಕನ ಮನೆಯ ವಾಕರ್ ತಂದು ಕಪಾಟಿನ ಮೇಲಿಟ್ಟು, "ಶನಿವಾರದವರೆಗೆ ನೋಡ್ತೀನಿ ಅಕ್ಕ, ಆಮೇಲೆ ಇದ್ರಲ್ಲಿ ಕೂರಿಸ್ಬೇಕು" ಎಂದಿದ್ದಾಳೆ. ಇಂದು ಶನಿವಾರ.

"ಅದ್ರಲ್ಲಿ ಕೂರಿಸಿದ್ರೆ ಓಡ್ತಾನೆ, ಸರಿ. ಓಡೋದು ಚಕ್ರ ತಾನೆ?" ಎನ್ನುತ್ತಾರೆ ನೆಲದಕ್ಕ. ಮರುಕ್ಷಣವೇ ದನಿ ಇಳಿಯುತ್ತದೆ. "ಆದ್ರೆ ನಾನೇ ತಪ್ಪಿದ್ರೆ?"

ಬುಧವಾರ ತಡೆಯಲಾಗದೆ ಅವನ ಪಾದಕ್ಕೆ ಅಂಗೈ ಒತ್ತಿ ಮುಂದೆ ತಳ್ಳಿದ್ದರಂತೆ. ಒಂದು ಗೇಣು ಸಾಗಿದ. ಅಂದಿನಿಂದ ಪ್ರಯತ್ನವನ್ನೇ ಬಿಟ್ಟು, ಆ ಅಂಗೈ ಎಲ್ಲಿ ಎಂದು ಹಿಂದೆ ತಿರುಗಿ ನೋಡುತ್ತಾ ಮಲಗುತ್ತಾನೆ. "ಸಹಾಯ ಮಾಡೋಕೆ ಹೋಗಿ ಕೆಡಿಸಿಬಿಟ್ಟೆ."

ಮಧ್ಯಾಹ್ನದ ಗಂಟೆ ಹೊಡೆಯುತ್ತದೆ. ತಾಯಿ ಬಾಗಿಲಲ್ಲೇ ಬಟ್ಟೆ ಕೊಡವಿ ಒಳಬಂದು ವಾಕರ್ ಇಳಿಸಿ, ಧೂಳು ಒರೆಸುತ್ತಾ ಗುಂಡುವಿನ ಹಿಂದೆ ಕೂರುತ್ತಾಳೆ. ಗುಂಡುವಿನ ಮುಂದೆ ಒಂದು ಡಬ್ಬಿಯ ಮುಚ್ಚಳ ಹೊಳೆಯುತ್ತಿದೆ. ಅವನು ಎರಡೂ ಕೈಯೂರಿ ಒತ್ತುತ್ತಾನೆ. ಮೈ ಜಾರುತ್ತದೆ, ಹಿಂದಕ್ಕೆ. ಮುಚ್ಚಳ ದೂರವಾಗುತ್ತದೆ. ಹುಬ್ಬು ಗಂಟಿಕ್ಕಿ ಇನ್ನೂ ಜೋರಾಗಿ ಒತ್ತುತ್ತಾನೆ. ಇನ್ನೂ ಹಿಂದಕ್ಕೆ.

ನೆಲದಕ್ಕನ ಕೈ ಮುಂದೆ ಬರುತ್ತದೆ. ಅದನ್ನು ಹಿಂದಕ್ಕೆಳೆದು ತೊಡೆಯಡಿ ಇಟ್ಟುಕೊಳ್ಳುತ್ತಾರೆ.

"ಅಯ್ಯೋ, ಇದೇನಕ್ಕ? ನನ್ನ ಮಗ ರಿವರ್ಸ್ ಗಾಡೀನಾ?"

"ನಂಗೂ ಅರ್ಥ ಆಗ್ತಿಲ್ಲ ಕಣೆ. ಸುಮ್ನಿರು, ಬರ್ತಿದಾನೆ."

ಚಾಪೆ ಮುಗಿಯುತ್ತದೆ. ಗುಂಡು ತಣ್ಣನೆಯ ನೆಲಕ್ಕಿಳಿದು, ಬೆಚ್ಚಿ, ಮತ್ತೆ ಒತ್ತುತ್ತಾನೆ. ಪುಟ್ಟ ಪಾದಗಳು ತಾಯಿಯ ಮಂಡಿಗೆ ತಾಗುತ್ತವೆ. ಹಿಂದೆ ತಿರುಗಿ ನೋಡಿದರೆ ಅಮ್ಮ! ಮುಚ್ಚಳ ಮರೆತೇಹೋಗುತ್ತದೆ. ತಾಯಿ ನಗಲೂ ಆಗದೆ ಅಳಲೂ ಆಗದೆ ಅವನ ಹಿಮ್ಮಡಿ ಹಿಡಿದುಕೊಂಡು ಕೂರುತ್ತಾಳೆ. ಎದ್ದು ಹೋಗುವಾಗ ವಾಕರನ್ನು ಕಪಾಟಿನ ಮೇಲೆ ಇಡುವುದಿಲ್ಲ, ಕಂಕುಳಲ್ಲಿ ಇರುಕಿಕೊಳ್ಳುತ್ತಾಳೆ.

"ನಮ್ಮಕ್ಕನಿಗೆ ಇದನ್ನ ವಾಪಸ್ ಕೊಟ್ಟುಬಿಡ್ತೀನಿ. ಅತ್ತೆ ಕೇಳಿದ್ರೆ ಏನು ಹೇಳ್ಲಿ?"

"ಹೊರಟಿದಾನೆ ಅನ್ನು. ಯಾವ ಕಡೆಗೆ ಅಂತ ಹೇಳ್ಬೇಡ."

ನಿಮಗೇನಾದರೂ ಬೇಕಾ ಎಂದು ಕೇಳಿದರೆ ನೆಲದಕ್ಕ ಮುಗಿದುಹೋದ ಚಾಪೆಯ ಅಂಚನ್ನು ಮುಟ್ಟಿ ನೋಡುತ್ತಾರೆ.

"ಇನ್ನೊಂದು ಚಾಪೆ ಸಿಕ್ರೆ ಸಾಕು. ಹಿಂದಕ್ಕೆ ಹೋಗೋರಿಗೂ ಜಾಗ ಬೇಕಲ್ವಾ?"