ಹಲ್ಲಿಲ್ಲದ ಅಜ್ಜಿಗೆ ಗೋಧಿ ಮುದ್ದೆ

ನಮ್ಮಜ್ಜಿಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಅದರಿಂದ ಆಕೆಗೇನೂ ತೊಂದರೆಯಾಗಿರಲಿಲ್ಲ. ರಾಗಿ ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಸಾರಿನಲ್ಲಿ ಹೊರಳಿಸಿ ನುಂಗಿದರಾಯಿತು.

ಐವತ್ತರ ದಶಕದಲ್ಲಿ ಕಾಮಾಕ್ಷಿಪಾಳ್ಯದ ಮಗ್ಗುಲಿನ ನಮ್ಮ ಹೊಲ ರಾಜಾಜಿನಗರದ ಹೊಸ ಬಡಾವಣೆಗೆ ಸೇರಿಹೋಯಿತು. ಅಪ್ಪ ಮಿಲ್ಲಿನಲ್ಲಿ ಕೂಲಿಗೆ ಸೇರಿದರು. ಮನೆಯ ರಾಗಿ ಮುಗಿದ ಮೇಲೆ ಅವ್ವ ಚೀಲ ಹಿಡಿದು ರೇಷನ್ ಡಿಪೋ ಮುಂದೆ ನಿಂತಳು. ಆ ವರ್ಷ ರಾಗಿಗೆ ಬರ. ಡಿಪೋದಲ್ಲಿ ಕೊಡುತ್ತಿದ್ದುದು ಗೋಧಿ. ಈಗ ರೇಷನ್ ಕಾಳೆಂದರೆ ಮೂಗು ಮುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಗೋಧಿ ಬಾರದಿದ್ದರೆ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ.

ಆದರೆ ಗೋಧಿಯನ್ನು ಏನು ಮಾಡಬೇಕೆಂದು ನಮ್ಮ ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಬ್ಬಕ್ಕೊಮ್ಮೆ ಪಾಯಸ ಮಾಡಿದ್ದಷ್ಟೇ. ಅವ್ವ ಅದನ್ನು ನುಣ್ಣಗೆ ಬೀಸಿ, ರಾಗಿ ಹಿಟ್ಟಿನ ಹಾಗೇ ಕುದಿಯುವ ನೀರಿಗೆ ಸುರಿದು ತಿರುವಿದಳು. ಮುದ್ದೆಯೇನೋ ಗುಂಡಗೇ ಬಂತು. ಅಜ್ಜಿ ಎಂದಿನಂತೆ ಮುರಿದು ನುಂಗಿದಳು. ಅದು ಗಂಟಲಲ್ಲೇ ಅಂಟಿಕೊಂಡಿತು. ಕಣ್ಣು ಮೇಲೆ ಮಾಡಿದ ಅಜ್ಜಿಯ ಬೆನ್ನಿಗೆ ಅಪ್ಪ ಗುದ್ದಿದ ಮೇಲೆ ಉಸಿರು ಬಂತು.

ಅಂದಿನಿಂದ ಆಕೆ ತಟ್ಟೆ ಮುಟ್ಟಲಿಲ್ಲ. ರೊಟ್ಟಿ ಮಾಡಿದರೆ ಅಗಿಯಲು ಹಲ್ಲಿಲ್ಲ. ಅನ್ನ ಮಾಡೋಣವೆಂದರೆ ಅಕ್ಕಿ ಸಿಕ್ಕಿದ್ದು ಒಂದು ಹಿಡಿ. ಬರೀ ತಿಳಿಸಾರು ಕುಡಿದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. "ಬೆಳೆದು ಉಂಡೋಳು ಕಣವ್ವ ನಾನು. ಈ ಕಾಳು ನನ್ನ ಗಂಟಲಿಗೆ ಇಳಿಯಾಕಿಲ್ಲ, ಬುಡು" ಎನ್ನುತ್ತಿದ್ದಳು. ದಿನದಿನಕ್ಕೆ ಸೊರಗಿದಳು. ಅಜ್ಜಿ ಸತ್ತೇಹೋಗುತ್ತಾಳೆಂದು ನನಗೆ ಭಯ. ಅವ್ವನಿಗೂ ಅದೇ ಭಯವಿತ್ತು. ಆದರೆ ಅವಳು ಕೈಕಟ್ಟಿ ಕೂರುವ ಹೆಂಗಸಲ್ಲ.

ಮುಂದಿನ ಸಲ ಡಿಪೋಗೆ ನನ್ನನ್ನೂ ಕರೆದುಕೊಂಡು ಹೋದಳು. ಸಾಲಿನಲ್ಲಿ ಹಿಂದೆ ಮುಂದೆ ನಿಂತವರನ್ನೆಲ್ಲ, ನಾಚಿಕೆ ಬಿಟ್ಟು, "ಗೋಧೀನ ನೀವೆಂಗೆ ಮಾಡ್ತೀರಕ್ಕಾ?" ಎಂದು ಕೇಳಿದಳು. ಗಾಡಿ ಹೊಡೆಯುವವರ ಮನೆಯ ಸಾಬರ ಹೆಂಗಸೊಬ್ಬಳು ನಕ್ಕುಬಿಟ್ಟಳು. "ಹಿಟ್ಟು ಯಾಕೆ ಮಾಡ್ತಿ ಅಕ್ಕಾ? ಒಡೆದು ನುಚ್ಚು ಮಾಡು. ಹುರಿದು ಮೆತ್ತಗೆ ಬೇಯಿಸು. ನಮ್ಮನೇಲಿ ಹಲ್ಲು ಬರದ ಮಗೂನೂ ತಿಂತದೆ."

ಅವ್ವ ಮನೆಗೆ ಬಂದವಳೇ ಅಜ್ಜಿಗೆ ಕೇಳಿಸುವ ಹಾಗೆ ನುಚ್ಚಿನ ವಿಷಯ ಹೇಳಿ ಬೀಸುವ ಕಲ್ಲಿನ ಮುಂದೆ ಕೂತಳು. ಒಂದೆರಡು ಸುತ್ತು ಬಿದ್ದಿರಬೇಕು, ಗೋಡೆಯ ಕಡೆಯಿಂದ ಬೈಗುಳ ಬಂತು. "ಹಂಗೆ ಬೀಸಿದ್ರೆ ಇನ್ನೊಂದ್ಸಲ ಹಿಟ್ಟೇ ಆಯ್ತದೆ! ಕಾಳು ಜಾಸ್ತಿ ಹಾಕು, ಬಿರಬಿರನೆ ತಿರುಗ್ಸು."

"ನಂಗೆ ಬರಾಕಿಲ್ಲ ಅತ್ತೆ, ನೀವೇ ಬನ್ನಿ" ಎಂದಳು ಅವ್ವ. ಅವ್ವನಿಗೆ ಬಾರದ್ದು ಯಾವುದೂ ಇರಲಿಲ್ಲವೆಂದು ನನಗೆ ಗೊತ್ತು.

ಅಜ್ಜಿ ಗೋಡೆ ಹಿಡಿದು ಎದ್ದು ಬಂದಳು. ಎದುರಿಗೆ ಕೂತು ಗೂಟ ಹಿಡಿದಳು. ಅತ್ತೆ ಸೊಸೆ ಸೇರಿ ಬೀಸಿದರು. ಅಜ್ಜಿ ನುಚ್ಚನ್ನು ಬೆರಳಲ್ಲಿ ಉಜ್ಜಿ ನೋಡಿ, ಮೊರದಲ್ಲಿ ಕೇರಿ, ಹಿಟ್ಟನ್ನು ಬೇರೆ ತೆಗೆದಳು. ಅವ್ವ ನುಚ್ಚನ್ನು ಹುರಿದು, ಅನ್ನದ ಹಾಗೆ ಬೇಯಿಸಿ, ಪಕ್ಕದ ಮನೆಯಿಂದ ಬೇಡಿ ತಂದ ಒಂದು ಹಿಡಿ ರಾಗಿ ಹಿಟ್ಟು ಹಾಕಿ ತಿರುವಿದಳು.

ಅಜ್ಜಿ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಮುದ್ದೆಯನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿದಳು. ನಾವ್ಯಾರೂ ಇನ್ನೂ ಊಟಕ್ಕೆ ಕೈ ತೊಳೆದಿರಲಿಲ್ಲ. ಕೊನೆಗೆ ಬಟಾಣಿಯಷ್ಟು ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದಳು. ಅಪ್ಪ ಆಗಲೇ ಅವಳ ಬೆನ್ನ ಹಿಂದೆ ಹೋಗಿ ನಿಂತಿದ್ದರು. ತುತ್ತು ಇಳಿಯಿತು. ಆಮೇಲೆ ಇನ್ನೊಂದು, ಸ್ವಲ್ಪ ದೊಡ್ಡದು. ಮುದ್ದೆ ಪೂರ್ತಿ ಖಾಲಿಯಾಯಿತು.

ಅಜ್ಜಿ ತಟ್ಟೆಯನ್ನು ಅವ್ವನ ಕಡೆ ತಳ್ಳಿದಳು. "ಹೊಲ ಹೋಯ್ತು, ಹಲ್ಲೂ ಹೋಯ್ತು. ಹೊಟ್ಟೆ ಐತಲ್ಲವ್ವ ಇನ್ನೂವೆ. ಹಾಕು ಇನ್ನರ್ಧ."