ನಾಲ್ಕನೇ ಜ್ವರ ಎದ್ದ ಹುಳುಗಳ ಸದ್ದು

ರಾಮನಗರದ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಪ್ರಬಂಧ ಬರೆಯಿರಿ ಎಂದರೆ ಇಡೀ ತರಗತಿ ಒಂದೇ ಗೈಡಿನಿಂದ ಇಳಿಸುತ್ತಿತ್ತು, ಅಚ್ಚಿನ ತಪ್ಪುಗಳ ಸಮೇತ. ಓದಿ ಓದಿ ತಲೆಕೆಟ್ಟು ಒಂದು ವರ್ಷ ಬೇರೆ ಕೆಲಸ ಕೊಟ್ಟೆ. ಮನೆಯ ಒಂದು ಕಸುಬಿನ ಮೇಲೆ ಮೂರು ನಿಮಿಷದ ವಿಡಿಯೊ. ಚಿತ್ರ, ಸದ್ದು, ಮಾತು ಮೂರೂ ಇರಬೇಕು. ಇಂಗ್ಲಿಷ್ ಕೈಕೊಟ್ಟ ಕಡೆ ಕನ್ನಡ ಸೇರಿಸಬಹುದು. ಇದರಲ್ಲಿ ಫೇಲಾದವರು ಪರೀಕ್ಷೆಗೆ ಕೂರುವಂತಿರಲಿಲ್ಲ. ನಿಯಮ ನಾನೇ ಬರೆದದ್ದು, ಹಾಗಾಗಿ ಅದರ ಮೇಲೆ ನನಗೆ ವಿಪರೀತ ಗೌರವ.

ಚನ್ನಪಟ್ಟಣದವನೊಬ್ಬ ಬೊಂಬೆಗೆ ಅರಗು ಹಚ್ಚುವುದನ್ನು ತೋರಿಸಿದ. ಆಮೇಲೆ ಸಾತನೂರು ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯ ಸರದಿ. "ನನ್ನ ಹುಳುಗಳು ತಿನ್ನುತ್ತಿವೆ, ದಯವಿಟ್ಟು ಕೇಳಿ" ಎಂದು ಇಂಗ್ಲಿಷಿನಲ್ಲಿ ಅವಳ ದನಿ ಬಂತು. ಮುಂದೆ ಮೂರು ನಿಮಿಷವೂ ಪರದೆ ಕಪ್ಪು. ಮೇಲೆ ಫ್ಯಾನು ತಿರುಗುತ್ತಿತ್ತು, ಸ್ಪೀಕರಿನಿಂದ ಏನೋ ಗೊರಗೊರ.

"ಲೇ, ಲೆನ್ಸ್ ಮುಚ್ಕಂಡ್ ತೆಗ್ದವ್ಳೆ ಕಣ್ಲಾ," ಎಂದ ಹಿಂದಿನ ಬೆಂಚಿನವನು.

"ಹುಳದ ಮನೇಲಿ ಫೋಟೋ ತೆಗಿಯಂಗಿಲ್ಲ ಮೇಡಂ. ದೃಷ್ಟಿ ಆಯ್ತದೆ ಅಂತ ನಮ್ಮಜ್ಜಿ ಬುಡಾಕಿಲ್ಲ," ಎಂದಳು ಹುಡುಗಿ.

ನಾನು ಹುಟ್ಟಿದ್ದೂ ಕೈಲಾಂಚದ ಕಡೆ ರೇಷ್ಮೆ ಸಾಕುವ ಮನೆಯಲ್ಲೇ. ಹೊರಗಿನವರು ಇಣುಕಿದರೆ ನನ್ನ ತಾಯಿ ಬಾಗಿಲು ಹಾಕಿಬಿಡುತ್ತಿದ್ದಳು. ಏನು ಪ್ರಯೋಜನ, ಹಿತ್ತಲ ಗಿಡ ಮದ್ದಲ್ಲ. ಅಜ್ಜಿಯ ನಿಯಮ ಅಜ್ಜಿಗೆ, ನನ್ನದು ನನಗೆ ಎಂದೆ. ಸೋಮವಾರದೊಳಗೆ ಚಿತ್ರ ಹಾಕಿ ತರದಿದ್ದರೆ ಫೇಲ್ ಎಂದೂ ಹೇಳಿದೆ.

ಭಾನುವಾರ ಮನೆಯಲ್ಲಿ ಅಂಕ ಹಾಕುತ್ತ ಕೂತಿದ್ದೆ. ಪಕ್ಕದಲ್ಲಿ ನನ್ನ ತಾಯಿ ಅವರೆಕಾಯಿ ಸುಲಿಯುತ್ತಿದ್ದಳು. ಆ ಕಪ್ಪು ವಿಡಿಯೊ ಹಚ್ಚಿದ್ದೇ ಅವಳ ಕೈ ನಿಂತಿತು.

"ಯಾರ ಮನೇದವ್ವ ಹುಳ? ನಾಕ್ನೇ ಜ್ವರ ಎದ್ದವೆ."

ಹುಳು ಪೊರೆ ಬಿಡಲು ಮಲಗುವುದನ್ನು ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯದರಿಂದ ಎದ್ದವು ಹಗಲೂ ರಾತ್ರಿ ಸೊಪ್ಪು ತಿನ್ನುತ್ತವೆ. ತಾಯಿ ಫೋನನ್ನು ಕಿವಿಗೆ ಹಿಡಿದಳು.

"ಒಸಿ ತಡಿ. ಸೊಪ್ಪು ಮುಗೀತಾ ಬಂತು. ಈಗ ಬರೀ ಕಡ್ಡಿ ಮ್ಯಾಲೆ ಹರಿದಾಡ್ತಾವೆ. ಹೂಂ, ಈಗ ಹೊಸ ಸೊಪ್ಪು ಹಾಕುದ್ರು ನೋಡು."

ನಾನೂ ಕಿವಿ ಕೊಟ್ಟೆ. ಮೊದಲು ಹೆಂಚಿನ ಮೇಲೆ ಮಳೆ ಹೊಯ್ದಂತೆ, ಆಮೇಲೆ ತೆಳ್ಳಗೆ, ಮತ್ತೆ ಜೋರಾಗಿ. ಆದಿ, ಮಧ್ಯ, ಅಂತ್ಯ ಇರಲಿ ಎಂದು ವರ್ಷವಿಡೀ ಬಡಿದುಕೊಳ್ಳುವವಳು ನಾನು. ಆ ಹುಡುಗಿ ಮೂರನ್ನೂ ಇಟ್ಟಿದ್ದಳು; ಅಕ್ಷರ ಕಲಿಯದ ನನ್ನ ತಾಯಿ ಅದನ್ನು ಓದಿದ್ದಳು. ನನಗೆ ನಾಚಿಕೆಯಾಯಿತು. ಬೆಳಿಗ್ಗೆ ತರಗತಿಯಲ್ಲೇ ಹೇಳಿದರಾಯಿತು ಎಂದುಕೊಂಡು ಮಲಗಿದೆ.

ಸೋಮವಾರ ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಹೊಸ ವಿಡಿಯೊ ಹಾಕಿದಳು. ಎಲ್ಲ ಇಂಟರ್‌ನೆಟ್ಟಿನ ಚಿತ್ರಗಳು: ಬಿಳಿ ಮೇಜು, ಕೈಗವಸು ತೊಟ್ಟ ಯಾರದೋ ಕೈ, ಹಿನ್ನೆಲೆಗೆ ಕೊಳಲು. ಹುಳುಗಳ ಸದ್ದೇ ಇರಲಿಲ್ಲ. ತರಗತಿ ಚಪ್ಪಾಳೆ ತಟ್ಟಿತು.

ಮೊದಲನೆಯದೇ ಸರಿಯಿತ್ತು, ತಪ್ಪು ನನ್ನದು, ಪೂರ್ತಿ ಅಂಕ ಅದಕ್ಕೇ ಎಂದು ಎಲ್ಲರೆದುರು ಹೇಳಿದೆ. ಹುಡುಗಿ ಹಿಗ್ಗುತ್ತಾಳೆ ಎಂದುಕೊಂಡಿದ್ದೆ.

"ಹಂಗಾರೆ ಇದು ಬೇಕಾಗಿರ್ನಿಲ್ವ ಮೇಡಂ?" ಎಂದಳು. "ನಿನ್ನೆ ದಿನಾ ಪೂರ್ತಿ ಫೋನ್ ಹಿಡ್ಕಂಡ್ ಕೂತಿದ್ದೆ. ಅವ್ವ ಒಬ್ಳೇ ಸೊಪ್ಪು ಕುಯ್ಯಕ್ಕಾಗ್ನಿಲ್ಲ. ಹುಳಕ್ಕೆ ಒಂದೊತ್ತು ತಪ್ಪೋಯ್ತು."

ನಾಲ್ಕನೇ ಜ್ವರ ಎದ್ದ ಹುಳುವಿಗೆ ಒಂದು ಹೊತ್ತು ತಪ್ಪಿದರೆ ಗೂಡು ತೆಳ್ಳಗಾಗುತ್ತದೆ, ಬೆಲೆ ಬೀಳುತ್ತದೆ. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.